ಸಭಾಪಾಲಕರ ವರ್ಗಾವಣೆಯಾಯಿತು, ಪ್ರಶ್ನೆ ಉಳಿಯಿತು: ಕರಾವಳಿಯ ಒಂದು ಸಭೆಯ ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಒಂದು ಪ್ರೊಟೆಸ್ಟಂಟ್ ಸಭೆಯ (ಚರ್ಚಿನ) ಸಭಾಪಾಲಕರು (ಪಾಸ್ಟರ್) ತಮ್ಮ ಅವಧಿ ಮುಗಿಯುವ ಮೊದಲೇ, ಶಾಲಾ ವರ್ಷದ ನಡುವೆ, ನವೆಂಬರ್ ತಿಂಗಳಲ್ಲಿ ವರ್ಗಾವಣೆಗೊಂಡು ಊರು ಬಿಟ್ಟರು. ಅವರ ಮೇಲಿದ್ದ ದೂರು ಹಣಕ್ಕೆ ಸಂಬಂಧಿಸಿದ್ದು. ಆದರೆ ಹಣ ಯಾರ ಕಿಸೆಗೂ ಹೋಗಿಲ್ಲ ಎಂಬುದು ದೂರು ಎದ್ದ ಮೊದಲ ವಾರಗಳಲ್ಲೇ ಸ್ಪಷ್ಟವಾಗಿತ್ತು. ಅಷ್ಟಾದರೂ ಅವರು ಹೋಗಬೇಕಾದದ್ದು ಹೇಗೆ, ಎಲ್ಲಿ ಬೇರೆ ದಾರಿ ಹಿಡಿಯಲು ಅವಕಾಶವಿತ್ತು, ಅವರು ಹೋದ ಮೇಲೆ ಏನಾಯಿತು ಎಂಬುದನ್ನು ಇಂಥದ್ದೇ ಇಕ್ಕಟ್ಟಿನಲ್ಲಿರುವ ಬೇರೆ ಸಭೆಗಳ ಹಿರಿಯರಿಗೆ (ಸಭೆಯ ಆಡಳಿತ ನೋಡುವ ಸದಸ್ಯರಿಗೆ) ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ನಾನು ಆ ಸಭೆಯ ಸದಸ್ಯನಲ್ಲ. ಕೊನೆಯ ಹಂತದಲ್ಲಿ ನಡವಳಿ ಪುಸ್ತಕ (ಸಮಿತಿಯ ಕೂಟಗಳ ದಾಖಲೆ) ಮತ್ತು ಲೆಕ್ಕಪತ್ರಗಳನ್ನು ಓದಿ, ಎರಡೂ ಕಡೆಯವರನ್ನು ಕೇಳಿ ವರದಿ ಮಾಡಲು ಕರೆಸಿಕೊಂಡವರಲ್ಲಿ ಒಬ್ಬ. ಸಂಬಂಧಪಟ್ಟವರ ಗುರುತು ಸಿಗದಂತೆ ಊರಿನ ಹೆಸರು ಬಿಟ್ಟಿದ್ದೇನೆ. ಮೊತ್ತ, ಸಂಖ್ಯೆ ಮತ್ತು ಕೆಲವು ಸನ್ನಿವೇಶಗಳನ್ನು ಬದಲಿಸಿದ್ದೇನೆ. ಸಭೆ ಯಾವ ಮೇಲಾಡಳಿತಕ್ಕೆ ಸೇರಿದ್ದು ಎಂಬುದನ್ನೂ ಹೇಳುವುದಿಲ್ಲ.

ಹಿನ್ನೆಲೆ

ಕರಾವಳಿಯ ಹಳೆಯ ಪ್ರೊಟೆಸ್ಟಂಟ್ ಸಭೆಗಳ ಸ್ವಭಾವ ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರಿಸ್ತನನ್ನು ಒಪ್ಪಿಕೊಂಡ ಅನೇಕರು ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡಾಗ ಮಿಶನ್ ಅವರಿಗೆ ನೇಯ್ಗೆಯ ಕೆಲಸ ಕೊಟ್ಟಿತು, ಶಾಲೆ ತೆರೆಯಿತು, ಮುಂದೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಹಾಗಾಗಿ ಈ ಕುಟುಂಬಗಳಿಗೆ ಸಭೆ ಎಂದರೆ ಭಾನುವಾರದ ಆರಾಧನೆ ಮಾತ್ರವಲ್ಲ. ಅಜ್ಜನಿಗೆ ಅನ್ನ ಕೊಟ್ಟದ್ದು, ಅಪ್ಪನಿಗೆ ಅಕ್ಷರ ಕಲಿಸಿದ್ದು, ಕೊನೆಗೆ ಎಲ್ಲರಿಗೂ ಆರಡಿ ಜಾಗ ಕೊಡುವುದು ಅದೇ. ಇಲ್ಲಿನ ಹಿರಿಯರ ಮನೆತನಗಳು ನಾಲ್ಕೈದು ತಲೆಮಾರಿನಿಂದ ಅದೇ ಬೆಂಚಿನಲ್ಲಿ ಕೂತಿವೆ. ಸಭಾಪಾಲಕರು ಮಾತ್ರ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತಾರೆ. ಬಲಿಪೀಠದ ಮುಂದೆ ನಿಲ್ಲುವವರು ಬಂದು ಹೋಗುವವರು, ಹಿಂದೆ ಕೂತವರು ನೆಲೆ ನಿಂತವರು ಎಂಬ ಈ ವ್ಯತ್ಯಾಸ ಸಾಮಾನ್ಯ ದಿನಗಳಲ್ಲಿ ಯಾರಿಗೂ ಕಾಣುವುದಿಲ್ಲ. ಜಗಳ ಎದ್ದ ದಿನ ಮಾತ್ರ ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ.

ಈ ಸಭೆಯಲ್ಲಿ ಸುಮಾರು 180 ಕುಟುಂಬಗಳಿದ್ದವು. ಕೆಂಪುಕಲ್ಲಿನ ಗೋಡೆಯ, ಹಂಚಿನ ಮಾಡಿನ ಹಳೆಯ ದೇವಾಲಯ. ರಸ್ತೆ ಬದಿಯಲ್ಲಿ ಬಾಡಿಗೆಗೆ ಕೊಟ್ಟ ಕೆಲವು ಅಂಗಡಿ ಕೋಣೆಗಳು. ಹಿಂದೆ ಅರ್ಧ ಏಳುತ್ತಿದ್ದ ಸಮುದಾಯ ಭವನ. ಭವನಕ್ಕೆ ಹೆಚ್ಚಿನ ಹಣ ಬಂದದ್ದು ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುವ ಸದಸ್ಯರಿಂದ. ಆರಾಧನೆ ಕನ್ನಡದಲ್ಲಿ, ಮನೆಮಾತು ಹೆಚ್ಚಿನವರಿಗೆ ತುಳು. ಸಭಾಪಾಲಕರು ಘಟ್ಟದ ಮೇಲಿನವರು, ನಲವತ್ತು ದಾಟಿದವರು, ಒಳ್ಳೆಯ ಬೋಧಕರೆಂದು ಹೆಸರಾದವರು, ಆದರೆ ತುಳು ಬಾರದವರು. ಸಾವಿನ ಮನೆಯ ಅಂಗಳದಲ್ಲಿ ಹೆಂಗಸರು ತುಳುವಿನಲ್ಲಿ ಅಳುತ್ತಾ ಮಾತಾಡುವಾಗ ಅವರು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದರಂತೆ. 'ಒಳ್ಳೆಯವರೇ, ಆದರೆ ನಮ್ಮವರಲ್ಲ' ಎಂಬ ಮಾತನ್ನು ಅವರ ವಿರೋಧಿಗಳಿಂದಲ್ಲ, ಅವರನ್ನು ಮೆಚ್ಚಿದವರ ಬಾಯಿಂದಲೇ ನಾನು ಹಲವು ಸಲ ಕೇಳಿದೆ.

ಬಂದ ಎರಡನೆಯ ವರ್ಷದಲ್ಲಿ ಅವರು ಎರಡು ವಿಷಯ ಎತ್ತಿದರು. ಒಂದು, ಯುವಜನರಿಗಾಗಿ ಬೆಳಿಗ್ಗೆ ಏಳು ಗಂಟೆಗೆ ಇಂಗ್ಲಿಷ್ ಆರಾಧನೆ. ಇದಕ್ಕೆ ಗಾನಮಂಡಳಿಯ ಹಿರಿಯರು ಗೊಣಗಿದರು, ಅಷ್ಟೆ. ಇನ್ನೊಂದು, ಅಂಗಡಿ ಕೋಣೆಗಳ ಬಾಡಿಗೆ. ಮೂರು ಕೋಣೆಗಳು ಹಿರಿಯರ ಸಂಬಂಧಿಕರ ಕೈಯಲ್ಲಿ ಬಹಳ ಹಳೆಯ ಬಾಡಿಗೆಗೆ ಇದ್ದವು. ಬಾಡಿಗೆ ಪರಿಷ್ಕರಿಸಬೇಕೆಂದು ಅವರು ಸಮಿತಿಯಲ್ಲಿ ಹೇಳಿದರು. ವಿಷಯವನ್ನು ಮುಂದೂಡಲಾಯಿತು ಎಂದು ನಡವಳಿಯಲ್ಲಿದೆ. ಮುಂದಿನ ಮೂರು ನಡವಳಿಗಳಲ್ಲಿಯೂ ಹಾಗೆಯೇ ಇದೆ.

ಸಮಸ್ಯೆ ಹುಟ್ಟಿದ ಶನಿವಾರ

ಸಭೆಯ ಒಂದು ಬಡ ಕುಟುಂಬದ ಯಜಮಾನ ಗಾರೆ ಕೆಲಸದವನು. ಒಂದು ಶನಿವಾರ ಸಂಜೆ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಶಸ್ತ್ರಚಿಕಿತ್ಸೆಗೆ ಮುಂಗಡ ಕಟ್ಟಬೇಕಿತ್ತು. ಸಭೆಯ ಸಾಮಾನ್ಯ ಖಾತೆಯಲ್ಲಿ ಅಷ್ಟು ಹಣವಿರಲಿಲ್ಲ. ಭವನದ ಖಾತೆಯಲ್ಲಿ ಇತ್ತು. ಖಜಾಂಚಿಗಳು ಮುಂಬೈಯಲ್ಲಿ ಮಗಳ ಮನೆಯಲ್ಲಿದ್ದರು. ಊರಲ್ಲಿ ಇಲ್ಲದಾಗ ತೊಂದರೆಯಾಗಬಾರದೆಂದು ಅವರು ಕೆಲವು ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿಟ್ಟು ಹೋಗುವ ರೂಢಿ ಹಿಂದಿನಿಂದಲೂ ಇತ್ತು. ಸಭಾಪಾಲಕರು ಕಾರ್ಯದರ್ಶಿಗಳಿಗೆ ಫೋನ್ ಮಾಡಿದರು. 'ಜೀವದ ಪ್ರಶ್ನೆ ಮಾರಾಯ್ರೆ, ಮೊದಲು ಕೊಡಿ. ಕಮಿಟಿಯಲ್ಲಿ ನಾನು ಹೇಳ್ತೇನೆ' ಎಂದು ಕಾರ್ಯದರ್ಶಿಗಳು ಹೇಳಿದರು. 1,40,000 ರೂಪಾಯಿಯ ಚೆಕ್ಕು ಹೋಯಿತು. ನಗದು ಪುಸ್ತಕದಲ್ಲಿ ಸಭಾಪಾಲಕರ ಕೈಬರಹದಲ್ಲಿ 'ತುರ್ತು ಮುಂಗಡ' ಎಂಬ ಎರಡು ಪದ, ಎದುರಿಗೆ ಮೊತ್ತ. ಯಾರಿಗೆ, ಯಾಕೆ ಎಂಬುದಿಲ್ಲ. ಆ ಕುಟುಂಬದ ಮರ್ಯಾದೆ ಕಾಯಲು ಹೆಸರು ಬರೆಯಲಿಲ್ಲ ಎಂದು ಅವರು ಆಮೇಲೆ ಹೇಳಿದರು. ಅವರ ಉದ್ದೇಶವನ್ನು ನಾನು ನಂಬುತ್ತೇನೆ. ಆದರೆ ಹೆಸರು ಮುಚ್ಚಿಡಲು ಬೇರೆ ಚೀಟಿ ಬರೆದು ಲಕೋಟೆಯಲ್ಲಿ ಇಡಬಹುದಿತ್ತು.

ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ದೇಣಿಗೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕೆಂಬುದು ಲೆಕ್ಕದ ಮೊದಲ ಪಾಠ. ಆದ್ದರಿಂದ ನಡೆದದ್ದು ಕ್ರಮ ತಪ್ಪಿದ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕ್ರಮ ತಪ್ಪಿದ್ದು ಒಬ್ಬರಿಂದಲ್ಲ, ಮೂವರಿಂದ: ಬಾಯಿಮಾತಿನ ಒಪ್ಪಿಗೆ ಕೊಟ್ಟವರು, ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟವರು, ಅದನ್ನು ಬರೆದು ಕೊಟ್ಟವರು.

ವೆಸ್ಟ್ರಿಯಲ್ಲಿ (ದೇವಾಲಯದ ಪಕ್ಕದ ಕೋಣೆಯಲ್ಲಿ) ನಡೆದ ಸಮಿತಿಯ ಕೂಟದಲ್ಲಿ ಆಂತರಿಕ ಲೆಕ್ಕಪರಿಶೋಧಕರು ಆ ಪುಟ ತೆರೆದು ಇದು ಯಾವ ಮುಂಗಡ ಎಂದು ಕೇಳಿದರು. ಸಭಾಪಾಲಕರು ನಡೆದದ್ದನ್ನು ಹೇಳಿ ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ಏನೂ ಹೇಳಲಿಲ್ಲ. ಖಜಾಂಚಿಗಳು 'ನನ್ನ ಗಮನಕ್ಕೆ ಬಂದಿಲ್ಲ' ಎಂದರು. ಅದು ಒಂದು ಅರ್ಥದಲ್ಲಿ ನಿಜವೇ. ಕಾರ್ಯದರ್ಶಿಗಳ ಅಣ್ಣ ಭವನದ ದೊಡ್ಡ ದಾನಿಗಳಲ್ಲಿ ಒಬ್ಬರು. ಅಣ್ಣನ ಮುಂದೆ ತಲೆ ಎತ್ತುವುದು ಹೇಗೆಂದು ಆ ಕ್ಷಣ ಬಾಯಿ ಕಟ್ಟಿತು ಎಂದು ಅವರು ಬಹಳ ತಿಂಗಳ ನಂತರ ನನ್ನೊಡನೆ ಹೇಳಿದರು. ಅಂದಿನ ನಡವಳಿಯಲ್ಲಿ ದಾಖಲಾದದ್ದು ಒಂದೇ ವಾಕ್ಯ: 'ಸಭಾಪಾಲಕರು ಸಮಿತಿಯ ಅನುಮತಿಯಿಲ್ಲದೆ ಭವನದ ನಿಧಿಯಿಂದ ಹಣ ತೆಗೆದಿರುವುದು ಕಂಡುಬಂದಿದೆ.' ಅವರು ಕೊಟ್ಟ ವಿವರಣೆ ಅದರಲ್ಲಿಲ್ಲ. ಎರಡು ದಿನದೊಳಗೆ ಆ ಪುಟದ ಫೋಟೋ ವಾಟ್ಸಾಪ್‌ನಲ್ಲಿ ದುಬೈ, ಕುವೈತ್ ತನಕ ಹೋಗಿತ್ತು. ಈ ಪ್ರಕರಣದ ಮೊದಲ ತಿರುವು ಇದು. ಚೆಕ್ಕು ಬರೆದ ಶನಿವಾರ ಸಭೆ ಒಡೆದಿರಲಿಲ್ಲ. ಒಡೆದದ್ದು ಈ ವಾಕ್ಯದಿಂದ.

ಮಾಡಿದ ಪ್ರಯತ್ನಗಳು

ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನನ್ನೇ ಕಂಡು ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಎಂಬ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮ ಇಲ್ಲಿ ಎಲ್ಲರಿಗೂ ಬಾಯಿಪಾಠ. ಎರಡೂ ಕಡೆಯವರು ಅದನ್ನು ಬಿಟ್ಟರು. ಸಭಾಪಾಲಕರು ಕಾರ್ಯದರ್ಶಿಗಳ ಮನೆಗೆ ಹೋಗಲಿಲ್ಲ. ಬದಲಿಗೆ ಮುಂದಿನ ಭಾನುವಾರ ಬೈಬಲಿನ ಅನನೀಯ ಮತ್ತು ಸಪ್ಫೈರಳ ಕಥೆಯ ಮೇಲೆ ಪ್ರಸಂಗ (ಉಪದೇಶ) ಮಾಡಿದರು. ಸತ್ಯ ಬಚ್ಚಿಟ್ಟವರು ಪೇತ್ರನ ಪಾದದ ಬಳಿ ಬಿದ್ದು ಸತ್ತ ಕಥೆ ಅದು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರ ಕಣ್ಣು ಒಂದೇ ಬೆಂಚಿನ ಕಡೆ ತಿರುಗಿತ್ತು. ಕಾರ್ಯದರ್ಶಿಗಳ ಪತ್ನಿ ಆ ದಿನ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೆ) ಮುಂದೆ ಬರಲಿಲ್ಲ. ಆಮೇಲೆ ಕೆಲವು ತಿಂಗಳು ದೇವಾಲಯಕ್ಕೇ ಬರಲಿಲ್ಲ. ಆ ವಾರವೇ ಸಭಾಪಾಲಕರ ಬಳಿ ಹೋಗಿ ಒಪ್ಪಿಕೊಳ್ಳಬೇಕೆಂದಿದ್ದ ತನ್ನ ಬಾಗಿಲು ಅಂದು ಮುಚ್ಚಿತು ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಇದನ್ನು ಪೂರ್ತಿ ನಂಬಬೇಕೋ ಇಲ್ಲವೋ ಓದುಗರಿಗೆ ಬಿಟ್ಟದ್ದು. ಆದರೆ ಎದುರು ಮಾತಾಡಲು ಯಾರಿಗೂ ಹಕ್ಕಿಲ್ಲದ ಜಾಗದಲ್ಲಿ ನಿಂತು ತನ್ನ ಸ್ವಂತ ಜಗಳದ ಮಾತಾಡುವುದು ಅನ್ಯಾಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿಯವರೆಗೆ ನೊಂದವರಾಗಿದ್ದ ಸಭಾಪಾಲಕರು ಆ ಒಂದು ಪ್ರಸಂಗದಿಂದ ಅನೇಕರ ಕಣ್ಣಲ್ಲಿ ನೋಯಿಸಿದವರಾದರು.

ಎರಡನೆಯ ಪ್ರಯತ್ನ ನಿಜಕ್ಕೂ ಫಲ ಕೊಡುವಂತಿತ್ತು. ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರು ಮತ್ತು ಯಾವ ಗುಂಪಿಗೂ ಸೇರದ ಒಬ್ಬ ಹಿರಿಯರು ಸೇರಿ ಮೂವರನ್ನೂ ಬೇರೆಬೇರೆಯಾಗಿ ಕಂಡರು. ಟೀಚರ್ ಎಂದೇ ಊರೆಲ್ಲ ಕರೆಯುವ ಆ ಮುಖ್ಯೋಪಾಧ್ಯಾಯಿನಿಯ ಮಾತಿಗೆ ಬೆಲೆಯಿತ್ತು. ಕಾರ್ಯದರ್ಶಿಗಳೂ ಖಜಾಂಚಿಗಳ ಮಕ್ಕಳೂ ಅವರ ಕೈಯಲ್ಲಿ ಕಲಿತವರೇ. ಅವರು ರೂಪಿಸಿದ ಒಪ್ಪಂದ ಹೀಗಿತ್ತು: ವಿಶೇಷ ಕಾಣಿಕೆ ಎತ್ತಿ ಭವನದ ನಿಧಿಗೆ ಹಣ ತುಂಬುವುದು, ನಡೆದ ಖರ್ಚಿಗೆ ಮಹಾಸಭೆಯ ಮಂಜೂರಾತಿ ಪಡೆಯುವುದು, ಅಲ್ಲಿ ಕಾರ್ಯದರ್ಶಿಗಳು ತಮ್ಮ ಫೋನಿನ ಮಾತನ್ನೂ ಖಜಾಂಚಿಗಳು ಸಹಿ ಹಾಕಿದ ಚೆಕ್ಕಿನ ರೂಢಿಯನ್ನೂ ಹೇಳುವುದು, ಸಭಾಪಾಲಕರು ಆ ಪ್ರಸಂಗಕ್ಕಾಗಿ ಕ್ಷಮೆ ಕೇಳುವುದು. ಮೂವರೂ ಒಪ್ಪಿದರು. ಒಪ್ಪಿದ್ದು ಬಾಯಿಮಾತಿನಲ್ಲಿ.

ಮಹಾಸಭೆಯ ಹಿಂದಿನ ರಾತ್ರಿ ವಿದೇಶದಿಂದ ದಾನಿಯೊಬ್ಬರ ಧ್ವನಿ ಸಂದೇಶ ಬಂತು. ಅದರಲ್ಲಿ ಸಭಾಪಾಲಕರನ್ನು ಕಳ್ಳನೆಂದು ಕರೆದಿತ್ತು. ಉತ್ತರವಾಗಿ ಯುವಜನರಲ್ಲಿ ಯಾರೋ ಅಂಗಡಿ ಬಾಡಿಗೆಯ ಪಟ್ಟಿಯನ್ನು, ಯಾರು ಯಾರ ಭಾವ, ಯಾರು ಯಾರ ಅಳಿಯ ಎಂಬ ವಿವರದೊಂದಿಗೆ ಹಾಕಿದರು. ಬೆಳಿಗ್ಗೆ ಆರಾಧನೆ ಮುಗಿದು ಮಹಾಸಭೆ ಸೇರುವಾಗ ಒಪ್ಪಂದದ ನೆನಪು ಯಾರಿಗೂ ಇರಲಿಲ್ಲ. ಕಾರ್ಯದರ್ಶಿಗಳು ಎದ್ದು ನಿಂತರು, ಅಣ್ಣನ ಕಡೆಯವರು ಕೂಗಿದರು, ಅವರು ಕೂತರು. ಮೈಕಿಗಾಗಿ ಕಿತ್ತಾಟವಾಯಿತು. ಕೂಟವನ್ನು ಮುಂದೂಡಲಾಯಿತು. ಆ ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದು ಮೂವರ ಸಹಿ ಪಡೆದಿದ್ದರೆ, ಒಂದು ರಾತ್ರಿಯ ಸಂದೇಶಗಳು ಅದನ್ನು ಅಳಿಸಲಾಗುತ್ತಿರಲಿಲ್ಲ. ನಮ್ಮವರ ನಡುವೆ ಬರಹವೇಕೆ ಎಂಬ ಸಂಕೋಚವೇ ಶನಿವಾರದ ಫೋನಿನಲ್ಲಿಯೂ ಇತ್ತು, ಈ ಸಂಧಾನದಲ್ಲಿಯೂ ಇತ್ತು.

ಆಮೇಲೆ ಸಹಿ ಸಂಗ್ರಹ ಆರಂಭವಾಯಿತು. ಸಭಾಪಾಲಕರನ್ನು ವರ್ಗ ಮಾಡಬೇಕೆಂದು 112 ಸಹಿಗಳ ಮನವಿ, ಇರಿಸಿಕೊಳ್ಳಬೇಕೆಂದು 97 ಸಹಿಗಳ ಮನವಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಹನ್ನೊಂದು ಹೆಸರುಗಳು ಎರಡರಲ್ಲಿಯೂ ಇದ್ದವು. ಅವರಲ್ಲಿ ಒಬ್ಬ ಅಜ್ಜಿಯನ್ನು ಕೇಳಿದೆ. 'ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅಂತ ಹೇಗೆ ಹೇಳುವುದು ಮಗಾ, ಇವರೂ ನಮ್ಮವರೇ, ಅವರೂ ನಮ್ಮವರೇ' ಎಂದರು. ಸಹಿಗಳ ಸಂಖ್ಯೆಯಿಂದ ಸಭೆಯ ಮನಸ್ಸನ್ನು ಅಳೆಯಲಾಗದು ಎಂದು ಮೇಲಿನವರಿಗೆ ತಿಳಿಸಲು ಈ ಹನ್ನೊಂದು ಹೆಸರುಗಳೇ ಸಾಕಿತ್ತು.

ಮೇಲಾಡಳಿತದ ಕೇಂದ್ರ ಕಚೇರಿಯಿಂದ ಇಬ್ಬರ ವಿಚಾರಣಾ ತಂಡ ಬಂತು. ಒಂದು ಮಧ್ಯಾಹ್ನ ಎರಡೂ ಗುಂಪುಗಳನ್ನು ಬೇರೆಬೇರೆ ಕೋಣೆಯಲ್ಲಿ ಕೇಳಿ ಹೋಯಿತು. ಅದರ ವರದಿಯನ್ನು ಸಭೆಗೂ ತೋರಿಸಲಿಲ್ಲ, ಸಭಾಪಾಲಕರಿಗೂ ತೋರಿಸಲಿಲ್ಲ. ಮುಂದೆ ಬಂದದ್ದು ವರ್ಗಾವಣೆಯ ಆದೇಶ. ಅದರಲ್ಲಿದ್ದ ಕಾರಣ 'ಆಡಳಿತದ ಹಿತದೃಷ್ಟಿಯಿಂದ' ಎಂಬುದಷ್ಟೆ. ಹದಿನೈದು ದಿನದೊಳಗೆ ಹೊಸ ಸ್ಥಳದಲ್ಲಿ ಸೇವೆಗೆ ಸೇರಬೇಕಿತ್ತು.

ಹೊರಟ ರೀತಿ

ಅವರ ಮಗಳು ಎಸ್‌ಎಸ್‌ಎಲ್‌ಸಿಯಲ್ಲಿದ್ದಳು. ಮಾರ್ಚಿಯವರೆಗೆ ಅವಕಾಶ ಕೊಡಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವರ್ಗಾವಣೆ ಬೇಕೆಂದು ಸಹಿ ಮಾಡಿದ್ದ ಮಹಿಳೆಯರಲ್ಲೇ ಇಬ್ಬರು ಆಗ ಮುಂದೆ ಬಂದು, ಪರೀಕ್ಷೆ ಮುಗಿಯುವವರೆಗೆ ಹುಡುಗಿ ತಮ್ಮ ಮನೆಯಲ್ಲಿರಲಿ ಎಂದರು. ಅವಳು ಹಾಗೆಯೇ ಉಳಿದು ಪರೀಕ್ಷೆ ಬರೆದಳು. ಜಗಳ ಕಾವೇರಿದ್ದ ದಿನಗಳಲ್ಲಿಯೂ ಸಭೆಯ ಒಳಗೆ ಇಂಥ ಮನಸ್ಸು ಜೀವಂತವಾಗಿತ್ತು ಎಂಬುದನ್ನು ದಾಖಲಿಸದಿದ್ದರೆ ಈ ಪ್ರಕರಣದ ಚಿತ್ರ ಅರ್ಧವಾಗುತ್ತದೆ.

ಬೀಳ್ಕೊಡುಗೆ ನಡೆಯಲಿಲ್ಲ. ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳನ್ನು ನೆರೆಯ ಸಭೆಯ ಪಾಸ್ಟರಿಗೆ ಒಪ್ಪಿಸಿ ಸಹಿ ಪಡೆದು ಅವರು ಹೊರಟರು. ಆ ಪಾಸ್ಟರ ಕೈಯಲ್ಲಿ ಆಗಲೇ ಬೇರೆ ಸಭೆಗಳಿದ್ದವು. ಡಿಸೆಂಬರಿನಲ್ಲಿ ಮದುವೆ ನಿಶ್ಚಯವಾಗಿದ್ದ ಒಂದು ಮನೆಯವರ ಪ್ರಕಟಣೆ (ಮದುವೆಗೆ ಮೊದಲು ಆರಾಧನೆಯಲ್ಲಿ ಓದುವ ಸೂಚನೆ) ಎರಡು ಭಾನುವಾರ ಓದಿ ಆಗಿತ್ತು, ಮೂರನೆಯದನ್ನು ಓದುವವರಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ನೆರವೇರಿಸುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ, ಹಿರಿಯರಲ್ಲಿ ಒಬ್ಬರು ನಿಂತು ಮುಗಿಸುವ ಕೆಲಸವಲ್ಲ ಅದು. ಹುಡುಗಿಯ ತಂದೆ ಒಂದು ಊರಿಂದ ಇನ್ನೊಂದು ಊರಿಗೆ ಅಲೆದು ದಿನಾಂಕ ಉಳಿಸಿಕೊಂಡರು. ವರ್ಗಾವಣೆಗಾಗಿ ಓಡಾಡಿದವರಲ್ಲಿ ಅವರೂ ಒಬ್ಬರಾಗಿದ್ದರು.

ಸುಮಾರು ಇಪ್ಪತ್ತು ಕುಟುಂಬಗಳು ಬರುವುದನ್ನು ನಿಲ್ಲಿಸಿದವು. ಭವನದ ಕೆಲಸ ಕಂಬದ ಮಟ್ಟದಲ್ಲಿ ನಿಂತಿತು, ಯಾಕೆಂದರೆ ದಾನಿಗಳು ಲೆಕ್ಕ ಕೇಳುತ್ತಿದ್ದರು, ಉತ್ತರ ಕೊಡುವವರು ಇರಲಿಲ್ಲ. ಸಭಾಪಾಲಕರು ಹೋದರೆ ಎಲ್ಲ ಸರಿಯಾಗುತ್ತದೆ ಎಂದಿದ್ದವರಿಗೆ ಪ್ರಶ್ನೆ ಅಲ್ಲೇ ಕೂತಿರುವುದು ಆಗ ಕಂಡಿತು. ಯಾರೂ ಗಮನಿಸದೆ ಹೋದ ಒಂದು ಕುಟುಂಬವೂ ಇತ್ತು: ಗಾರೆ ಕೆಲಸದವನದು. ಹೆಸರು ಬರೆಯದಿದ್ದರೂ ಹಣ ಯಾರಿಗೆ ಹೋಯಿತೆಂಬುದು ಊರಿಗೆಲ್ಲ ಗೊತ್ತಾಗಿತ್ತು. ತನ್ನ ಸೊಂಟದ ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ದೇವಾಲಯದಲ್ಲಿ ಕೂಗಾಟ ನಡೆದದ್ದನ್ನು ಕೇಳಿದ ಅವನ ಹೆಂಡತಿ ಮಕ್ಕಳನ್ನು ಭಾನುವಾರ ಶಾಲೆಗೂ (ಸಭೆಯ ಸಂಡೇ ಸ್ಕೂಲಿಗೂ) ಕಳುಹಿಸಲಿಲ್ಲ. ಎರಡು ಗುಂಪುಗಳಲ್ಲಿ ಯಾವುದೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ನನ್ನನ್ನು ಹೆಚ್ಚು ಕಲಕಿದ್ದು ಇದು. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯಲ್ಲಿ ಎದ್ದ ಗೊಣಗಾಟವೂ ಬಡ ವಿಧವೆಯರಿಗೆ ಹಂಚುವ ವಿಷಯದ್ದೇ. ಅಲ್ಲಿ ಯಾರನ್ನೂ ವರ್ಗ ಮಾಡಲಿಲ್ಲ. ಎಲ್ಲರನ್ನೂ ಸೇರಿಸಿ, ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ನೇಮಿಸಿದರು. ದೂರಿನ ಮೂಲದಲ್ಲಿದ್ದದ್ದು ವ್ಯವಸ್ಥೆಯ ಕೊರತೆ ಎಂದು ಅವರು ಕಂಡುಕೊಂಡರು.

ತಾತ್ಕಾಲಿಕ ಸಭಾಪಾಲಕರು ಮಾಡಿದ್ದು

ಫೆಬ್ರವರಿಯಲ್ಲಿ ನಿವೃತ್ತ ಸಭಾಪಾಲಕರೊಬ್ಬರನ್ನು ಆರು ತಿಂಗಳಿಗೆ ಕಳುಹಿಸಲಾಯಿತು. ಅವರು ಪ್ರಸಂಗಪೀಠದಿಂದ ಈ ವಿಷಯದ ಒಂದು ಮಾತನ್ನೂ ಆಡಲಿಲ್ಲ. ಮೊದಲು ಹೋದದ್ದು ಗಾರೆ ಕೆಲಸದವನ ಮನೆಗೆ, ಆಮೇಲೆ ಬರುವುದನ್ನು ನಿಲ್ಲಿಸಿದವರ ಮನೆಗಳಿಗೆ, ಕೊನೆಗೆ ಹಿರಿಯರ ಮನೆಗಳಿಗೆ. ಇದೇ ಹೊತ್ತಿನಲ್ಲಿ ಲೆಕ್ಕ ಮತ್ತು ನಡವಳಿಯನ್ನು ಹೊರಗಿನವರು ಓದಿ ವರದಿ ಬರೆಯಲಿ ಎಂದು ಸಮಿತಿಯನ್ನು ಒಪ್ಪಿಸಿದರು. ವರದಿ ಸಿದ್ಧವಾದಾಗ ಅದನ್ನು ಕಡತದಲ್ಲಿ ಇಡದೆ ವಾರ್ಷಿಕ ಮಹಾಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿಸಿದರು. ಓದುವಾಗ ನಡುವೆ ಯಾರೂ ಮಾತಾಡುವಂತಿಲ್ಲ, ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಮ್ಮೆ ಮಾತ್ರ ಅವಕಾಶ, ಮೊಬೈಲುಗಳೆಲ್ಲ ಬುಟ್ಟಿಯಲ್ಲಿ ಎಂಬ ನಿಯಮವನ್ನು ಕೂಟ ಆರಂಭಿಸುವ ಮೊದಲೇ ಕೈ ಎತ್ತಿಸಿ ಒಪ್ಪಿಸಿಕೊಂಡಿದ್ದರು. ಸಹಿ ಹಾಕಿದ ಚೆಕ್ಕುಗಳ ಭಾಗ ಬಂದಾಗ ಖಜಾಂಚಿಗಳು ತಲೆ ತಗ್ಗಿಸಿದ್ದರು. ಓದು ಮುಗಿದ ಮೇಲೆ ಕಾರ್ಯದರ್ಶಿಗಳು ಎದ್ದರು. 'ಫೋನಿನಲ್ಲಿ ಕೊಡಿ ಅಂತ ಹೇಳಿದ್ದು ನಾನು. ಆ ದಿನ ಹೇಳಬೇಕಿತ್ತು, ಹೇಳಲಿಲ್ಲ' ಎಂದರು. ಈ ಸಲ ಅಣ್ಣನ ಕಡೆಯಿಂದ ಕೂಗು ಬರಲಿಲ್ಲ.

ಅದೇ ದಿನ ವಿಶೇಷ ಕಾಣಿಕೆ ಎತ್ತುವ ನಿರ್ಣಯವಾಯಿತು. ಎರಡು ತಿಂಗಳಲ್ಲಿ ಭವನದ ನಿಧಿ ತುಂಬಿತು. ತುರ್ತು ಸಹಾಯಕ್ಕೆಂದು ಬೇರೆ ನಿಧಿ, ಅದಕ್ಕೊಂದು ಮೊತ್ತದ ಮಿತಿ, ಮೂವರಲ್ಲಿ ಇಬ್ಬರ ಸಹಿ, ಹಣ ಪಡೆದವರ ಹೆಸರು ಮುಚ್ಚಿದ ಲಕೋಟೆಯಲ್ಲಿ ಎಂಬ ಕ್ರಮ ಬಂತು. ಖಾಲಿ ಚೆಕ್ಕಿಗೆ ಸಹಿ ಹಾಕುವ ರೂಢಿ ನಿಂತಿತು. ಸಭಾಪಾಲಕರ ಬಗ್ಗೆ ಯಾರಿಗಾದರೂ ದೂರಿದ್ದರೆ ಸಹಿ ಸಂಗ್ರಹಕ್ಕೆ ಹೋಗದೆ ಬರಹದಲ್ಲಿ ಪ್ರಶ್ನೆ ಕೇಳಬೇಕು, ಪ್ರಶ್ನೆಯನ್ನೂ ಉತ್ತರವನ್ನೂ ನಡವಳಿಯಲ್ಲಿ ಒಟ್ಟಿಗೆ ಬರೆಯಬೇಕು ಎಂಬ ನಿಯಮಕ್ಕೆ ಹೆಚ್ಚು ಚರ್ಚೆ ನಡೆದು ಕೊನೆಗೆ ಒಪ್ಪಿಗೆ ಸಿಕ್ಕಿತು. ಅಂಗಡಿ ಬಾಡಿಗೆ ಮಾತ್ರ ಮತ್ತೆ ಮುಂದಕ್ಕೆ ಹೋಯಿತು.

ಒಬ್ಬ ಸಭಾಪಾಲಕರು ಒಂದು ಸಭೆಯನ್ನು ಬಿಟ್ಟುಹೋಗುವುದೇ ಸೋಲು ಎಂದು ನಾನು ಭಾವಿಸುವುದಿಲ್ಲ. ಆದಿಸಭೆಯ ಬೋಧಕರಾದ ಪೌಲ ಬಾರ್ನಬರೂ ತಮ್ಮ ಜೊತೆಗಾರ ಮಾರ್ಕನ ವಿಷಯದಲ್ಲಿ ತೀಕ್ಷ್ಣ ವಾಗ್ವಾದವಾಗಿ ಬೇರೆಯಾದರು, ಇಬ್ಬರ ಸೇವೆಯೂ ಮುಂದುವರಿಯಿತು. ಬಹುಶಃ ಈ ಸಭಾಪಾಲಕರಿಗೂ ತುಳು ಗೊತ್ತಿಲ್ಲದ ಈ ಊರಿಗಿಂತ ಬೇರೆ ಊರೇ ಹೊಂದುತ್ತಿತ್ತು. ಆದರೆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅವರನ್ನು ಕಳುಹಿಸಿದ್ದರಿಂದ ವರ್ಗಾವಣೆಯೇ ತೀರ್ಪಿನಂತೆ ಕಂಡಿತು. ತಪ್ಪಿಲ್ಲದಿದ್ದರೆ ವರ್ಗ ಯಾಕೆ ಮಾಡುತ್ತಿದ್ದರು ಎಂದು ಹೊಸ ಊರಿನವರೂ ಕೇಳಿದರು. ಮಹಾಸಭೆಯಲ್ಲಿ ವರದಿ ಓದಿಸಲು ಬೇಕಾದದ್ದು ಮೂರೇ ತಿಂಗಳ ತಾಳ್ಮೆ. ಅದನ್ನು ಆಗಸ್ಟಿನಲ್ಲೇ ಮಾಡಿ, ಮಾರ್ಚಿಯ ನಂತರ ವರ್ಗಾವಣೆ ಮಾಡಿದ್ದರೆ ಅವರು ಹೋಗುತ್ತಿದ್ದದ್ದು ಬೇರೆಯೇ ರೀತಿಯಲ್ಲಿ.

ನಡವಳಿಯ ಆ ಒಂದು ವಾಕ್ಯವನ್ನು ಮಹಾಸಭೆ ಠರಾವಿನ ಮೂಲಕ ತಿದ್ದಿದೆ. ಠರಾವಿನ ಪ್ರತಿಯನ್ನು ಹಿಂದಿನ ಸಭಾಪಾಲಕರಿಗೆ ಕಳುಹಿಸಿದ್ದಾರೆ. ಅವರು ಟೀಚರಿಗೂ ಕಾರ್ಯದರ್ಶಿಗಳಿಗೂ ಬೇರೆಬೇರೆ ಪತ್ರ ಬರೆದರು, ಎರಡನೆಯದರಲ್ಲಿ ಆ ಭಾನುವಾರದ ಪ್ರಸಂಗಕ್ಕಾಗಿ ಕ್ಷಮೆ ಕೇಳಿದ್ದಾರೆ. ಹೋದ ಕುಟುಂಬಗಳಲ್ಲಿ ಅರ್ಧದಷ್ಟು ಮರಳಿವೆ. ಗಾರೆ ಕೆಲಸದವನ ಮಕ್ಕಳು ಭಾನುವಾರ ಶಾಲೆಗೆ ಬರುತ್ತಿದ್ದಾರೆ. ಠರಾವಿನ ಪ್ರತಿಯನ್ನು ಸಭಾಪಾಲಕರ ಸೇವಾ ಕಡತಕ್ಕೆ ಸೇರಿಸಬೇಕು, ವಿಚಾರಣಾ ತಂಡದ ವರದಿಯ ಪ್ರತಿಯನ್ನು ಅವರಿಗೆ ಕೊಡಬೇಕು ಎಂದು ಸಭೆ ಕೇಂದ್ರ ಕಚೇರಿಗೆ ಬರೆದಿದೆ. ಉತ್ತರ ಬಂದಿಲ್ಲ. ಎರಡನೆಯ ಪತ್ರಕ್ಕೆ ಸಮಿತಿ ಒಪ್ಪಿಗೆ ಕೊಟ್ಟಿದೆ, ಅದರ ಮೇಲೆ ಮೊದಲ ಸಹಿ ಕಾರ್ಯದರ್ಶಿಗಳದು.